ಏಳು ಸದಸ್ಯರಿಗೆ ಒಂದೇ ಇ-ಮೇಲ್

2022ರ ಶ್ರಾವಣದಲ್ಲಿ ನಾನು ಬಾಗಲಕೋಟೆ ನವನಗರದ ಒಂದು ಖಾಸಗಿ ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ಮೂರ್ಛೆರೋಗಕ್ಕೆ ಚಿಕಿತ್ಸೆ ಪಡೆಯುವವರು ಡಾಕ್ಟರನ್ನು ಕಂಡು ನನ್ನ ಕೋಣೆಗೆ ಬರುತ್ತಿದ್ದರು. ಗುಳಿಗೆ ಎಷ್ಟು ವರ್ಷ ನುಂಗಬೇಕು, ಬೈಕ್ ಓಡಿಸಬಹುದೇ, ಹೊಳೆಗೆ ಬಟ್ಟೆ ಒಗೆಯಲು ಒಬ್ಬರೇ ಹೋಗಬಹುದೇ, ಮದುವೆಯಾಗಬಹುದೇ? ಡಾಕ್ಟರ ಮುಂದೆ ಬಾಯಿಗೆ ಬಾರದ ಪ್ರಶ್ನೆಗಳೆಲ್ಲ ನನ್ನ ಮೇಜಿನ ಮುಂದೆ ಬರುತ್ತಿದ್ದವು. ಅವನ್ನು ತಾರೀಖು ಹಾಕಿ ದಿನಚರಿಯಲ್ಲಿ ಬರೆದಿಟ್ಟು, ಯಾವ ಪ್ರಶ್ನೆ ಎಷ್ಟು ಸಲ ಬಂತೆಂದು ತಿಂಗಳ ಕೊನೆಗೆ ಗೀಟು ಹಾಕಿ ಕೂಡಿಸುವುದು ನನ್ನ ರೂಢಿ. ಹುನಗುಂದದಲ್ಲಿರುವ ನನ್ನ ತಾಯಿ ಇದನ್ನು ಕಂಡು, ‘ಹಾಲಿನ ಲೆಕ್ಕ ಬರದಂಗ ಬರೀತಿಯಲ್ಲ’ ಎಂದು ನಗುತ್ತಿದ್ದಳು.

ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುವುದನ್ನು ಗಮನಿಸಿ ನಮ್ಮ ವಿಭಾಗದ ಮುಖ್ಯಸ್ಥರಾದ ಡಾ. ದೇಸಾಯಿ ಒಂದು ಇ-ಮೇಲ್ ಚರ್ಚಾ ಗುಂಪು ಆರಂಭಿಸಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ಒಬ್ಬ ಸದಸ್ಯ ಗುಂಪಿನ ವಿಳಾಸಕ್ಕೆ ಪತ್ರ ಬರೆದರೆ ಅದು ಎಲ್ಲ ಸದಸ್ಯರ ಇ-ಮೇಲಿಗೂ ಹೋಗುತ್ತದೆ. ಯಾರಾದರೂ ಉತ್ತರಿಸಿದರೆ ಅದೂ ಎಲ್ಲರಿಗೂ ತಲುಪುತ್ತದೆ. ಮೊದಲು ಮೊಬೈಲ್ ಗುಂಪೇ ಇತ್ತು. ಆದರೆ ಅದರಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಕಾಲೇಜಿಗೆ ಹೋಗುತ್ತಿದ್ದ ಒಬ್ಬ ಹುಡುಗಿಗೆ ಗುರುತಿಲ್ಲದವರ ಕರೆಗಳು ಬರತೊಡಗಿ, ಅವಳ ಅಣ್ಣ ಆಸ್ಪತ್ರೆಗೆ ಬಂದು ಕೂಗಾಡಿದ ಮೇಲೆ ಅದನ್ನು ಮುಚ್ಚಿ ಇ-ಮೇಲಿಗೆ ಬದಲಾಯಿಸಿದೆವು.

ಗುಂಪಿಗೆ ಒಂದೇ ಕಟ್ಟುನಿಟ್ಟಿನ ನಿಯಮವಿತ್ತು. ಪ್ರತಿ ಪತ್ರದ ಕೆಳಗೆ ಬರೆದವರ ನಿಜವಾದ ಹೆಸರು, ಊರು ಮತ್ತು ಇ-ಮೇಲ್ ವಿಳಾಸ ಇರಬೇಕು. ಇದಕ್ಕೆ ಕಾರಣವಿತ್ತು. ‘ಹಿತೈಷಿ’, ‘ಸೇವಕ’ ಎಂಬಂಥ ಹೆಸರುಗಳಲ್ಲಿ ಕೆಲವರು ನುಗ್ಗಿ, ಬೇರಿನ ಪುಡಿ ತಿಂದರೆ ನಲವತ್ತು ದಿನಗಳಲ್ಲಿ ಮೂರ್ಛೆ ಮಾಯವೆಂದು ಬರೆಯುತ್ತಿದ್ದರು. ಅದನ್ನು ನಂಬಿ ಗುಳಿಗೆ ಬಿಟ್ಟ ಇಬ್ಬರು ನಮ್ಮ ವಾರ್ಡಿಗೇ ಬಂದಿದ್ದರು. ನಿಯಮ ಬಂದ ಮೇಲೆ ಪುಡಿ ಮಾರುವವರ ಸುಳಿವಿಲ್ಲ. ಹೆಸರು, ಇ-ಮೇಲ್ ಕೊಟ್ಟವರ ಪತ್ರಗಳು ನಮ್ಮ ಪರಿಶೀಲನೆಗೆ ನಿಲ್ಲದೆ ನೇರವಾಗಿ ಹೋಗುತ್ತಿದ್ದವು.

ಆದರೆ ನನ್ನ ಗೀಟುಗಳು ಇನ್ನೊಂದು ಮಾತು ಹೇಳುತ್ತಿದ್ದವು. ಹೊರರೋಗಿ ವಿಭಾಗದಲ್ಲಿ ನನ್ನ ಮುಂದೆ ಕೂರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಣುಮಕ್ಕಳು. ಗುಂಪಿನ ಪತ್ರಗಳಲ್ಲಿ ಹೆಣ್ಣುಮಕ್ಕಳ ಹೆಸರು ಬೆರಳಲ್ಲಿ ಎಣಿಸುವಷ್ಟು. ಜೊತೆಗೆ, ಕಮತಗಿಯ ಏಳು ಸದಸ್ಯರ ಹೆಸರುಗಳು ಬೇರೆ ಬೇರೆಯಾಗಿದ್ದರೂ ಇ-ಮೇಲ್ ವಿಳಾಸ ಒಂದೇ ಆಗಿತ್ತು. ಅದು ಅಲ್ಲಿನ ಒಂದು ಆನ್‌ಲೈನ್ ಸೆಂಟರಿನದೆಂದು ವಿಳಾಸದಲ್ಲಿದ್ದ ಅಂಗಡಿಯ ಹೆಸರೇ ಹೇಳುತ್ತಿತ್ತು.

‘ಏನ್ರೀ ಸವಿತಾ, ಒಂದ ಅಂಗಡ್ಯಾಗ ಏಳು ಮಂದಿಗೆ ಫಿಟ್ಸ್ ಬರ್ತಾವೇನು?’ ಎಂದರು ದೇಸಾಯಿ ಸರ್. ‘ಯಾವನೊ ಒಬ್ಬಾವ ಏಳು ಹೆಸರು ಇಟ್ಕೊಂಡು ಕುಂತಾನ. ತಗದ ಬಿಡ್ರಿ.’

‘ಸರ್, ಏಳೂ ಪತ್ರದ ಮಾತಿನ ಧಾಟಿ ಬ್ಯಾರೆ ಬ್ಯಾರೆ ಐತ್ರಿ. ಒಂದು ವಾರ ಕೊಡ್ರಿ, ವಿಚಾರಿಸಿ ಹೇಳ್ತೇನಿ,’ ಎಂದೆ.

ಅವರು ಒಪ್ಪಿದರು. ಅದು ಸೋಮವಾರ.

ಶನಿವಾರ ಬೆಳಗ್ಗೆ ಆಸ್ಪತ್ರೆಗೆ ಬಂದು ಮೇಲ್ ತೆರೆದಾಗ ಹಿಂದಿನ ದಿನ ಸಂಜೆ ಬಂದಿದ್ದ ಒಂದು ಪತ್ರ ಕಂಡಿತು. ಕೆಳಗೆ ‘ಸಂಗಪ್ಪ, ಕಮತಗಿ’ ಎಂದಿತ್ತು. ಅದೇ ಅಂಗಡಿಯ ವಿಳಾಸ. ಪತ್ರ ಇಷ್ಟೇ: ‘ನನಗೆ ಈಗ ಮೂರು ತಿಂಗಳು. ಗುಂಪಿನಲ್ಲಿ ಓದಿದಂತೆ ಗುಳಿಗೆ ಬಿಟ್ಟು ನಾಲ್ಕು ದಿನವಾಯಿತು. ಇವತ್ತು ರೊಟ್ಟಿ ಬಡಿಯುವಾಗ ಎರಡು ಸಲ ಕೈ ಝಾಡಿಸಿತು. ಕೂಸಿಗೆ ಏನಾದರೂ ಆಗುತ್ತದೆಯೇ? ಫಿಟ್ಸಿನ ವಿಷಯ ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.’

ಅದರ ಕೆಳಗೆ ಆಗಲೇ ಒಂದು ಉತ್ತರವೂ ಬಂದಿತ್ತು. ಇಳಕಲ್ಲಿನ ಒಬ್ಬ ಸದಸ್ಯ ಬರೆದಿದ್ದ: ‘ಸಂಗಪ್ಪಣ್ಣ, ಭಾಳ ಖುಷಿ ಆತು. ಪೇಢೆ ಯಾವಾಗ ಹಂಚ್ತೀ? ಗಂಡನ ಮನ್ಯಾಗ ಚೊಲೋ ನೋಡ್ಕೋತಾರಿಲ್ಲೋ?’

ನನಗೆ ನಗು ಬರಲಿಲ್ಲ. ಎಲ್ಲರ ಇ-ಮೇಲಿಗೂ ಆಗಲೇ ಹೋಗಿದ್ದ ಎರಡೂ ಪತ್ರಗಳನ್ನು, ಹಳೆಯ ಪತ್ರಗಳೆಲ್ಲ ಉಳಿಯುವ ಗುಂಪಿನ ಪುಟದಿಂದಲಾದರೂ ತೆಗೆದು, ಪ್ರಿಂಟ್ ಹಿಡಿದು ದೇಸಾಯಿ ಸರ್ ಕೋಣೆಗೆ ಓಡಿದೆ. ಮೂರ್ಛೆಯ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಅದುವರೆಗೆ ಹಿಡಿತದಲ್ಲಿದ್ದ ಫಿಟ್ಸ್ ಮರಳಿ ಬರಬಹುದು. ಕೆಲವರಿಗೆ ನಿಲ್ಲದೆ ಒಂದರ ಹಿಂದೆ ಒಂದು ಬರುತ್ತದೆ. ಕೈ ಹೀಗೆ ತಾನಾಗಿ ಎಗರುವುದು ಅದರ ಮುನ್ಸೂಚನೆ ಇರಬಹುದು.

ಸರ್ ಪತ್ರವನ್ನು ಎರಡು ಸಲ ಓದಿದರು. ‘ಈಕಿ ಒಲಿ ಮುಂದ ಕುಂತಾಳ್ರಿ. ಬಿದ್ರ ಬೆಂಕ್ಯಾಗ ಬೀಳತಾಳ. ಗುಂಪಿನ್ಯಾಗ ಓದಿ ಬಿಟ್ಟೆ ಅಂತಾಳಲ್ಲ, ಯಾರು ಬರದಾರ ಅದನ್ನ?’

ಹುಡುಕಿದೆ. ಬರೆದವರು ಸುಳ್ಳು ಹೆಸರಿನವರಲ್ಲ. ಬಾದಾಮಿಯ ನಿವೃತ್ತ ಮುಖ್ಯಾಧ್ಯಾಪಕರು. ಹೆಸರು, ಊರು, ಓಣಿ, ಸ್ವಂತ ಇ-ಮೇಲ್, ಕೇಳದಿದ್ದರೂ ಫೋನ್ ನಂಬರ್, ಎಲ್ಲವನ್ನೂ ಬರೆಯುವ ಶಿಸ್ತಿನ ಮನುಷ್ಯ. ನಿಯಮ ಪಾಲನೆಗೆ ನಾವು ಅವರನ್ನೇ ಮಾದರಿಯೆಂದು ತೋರಿಸುತ್ತಿದ್ದೆವು. ‘ನನ್ನ ಮಗಳು ಗರ್ಭಿಣಿಯಾದಾಗ ವೈದ್ಯರು ಆ ಗುಳಿಗೆಯನ್ನು ನಿಲ್ಲಿಸಿದರು. ಕೂಸಿಗೆ ಅಪಾಯವೆಂದರು. ಎಲ್ಲ ತಾಯಂದಿರೂ ಇದನ್ನು ಗಮನಿಸಬೇಕು’ ಎಂದು ಅವರು ಕಳಕಳಿಯಿಂದ ಬರೆದಿದ್ದರು. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಅವರ ಮಗಳ ಚೀಟಿ ನಮ್ಮಲ್ಲೇ ಇತ್ತು; ಅವಳು ನುಂಗುತ್ತಿದ್ದದ್ದು ವಾಲ್ಪ್ರೊಏಟ್ ಎಂಬ ಗುಳಿಗೆ. ಅದು ಗರ್ಭಕ್ಕೆ ಒಳ್ಳೆಯದಲ್ಲ ನಿಜ. ಡಾಕ್ಟರು ಅದನ್ನು ನಿಧಾನವಾಗಿ ಇಳಿಸುತ್ತಾ ಬೇರೊಂದು ಗುಳಿಗೆಯನ್ನು ಏರಿಸಿದ್ದರು. ಆ ಉಳಿದರ್ಧ ಪತ್ರದಲ್ಲಿ ಬರಲಿಲ್ಲ.

ಈಗ ಆ ಹೆಣ್ಣುಮಗಳನ್ನು ಹುಡುಕುವುದು ಹೇಗೆ? ಫೋನ್ ನಂಬರ್ ಬೇಡವೆಂದು ನಾವೇ ತೀರ್ಮಾನಿಸಿದ್ದೆವು. ಇ-ಮೇಲ್ ಬರೆದರೆ ಅದು ಅಂಗಡಿಗೆ ಹೋಗುತ್ತದೆ; ಅಲ್ಲಿ ಯಾರು ಓದುತ್ತಾರೋ ಗೊತ್ತಿಲ್ಲ. ನಮ್ಮ ದಾಖಲೆಯಲ್ಲಿ ಕಮತಗಿಯ ಹೆಣ್ಣುಮಕ್ಕಳನ್ನು ನೋಡಿದರೆ ಇದ್ದವರು ಇಬ್ಬರು. ಒಬ್ಬಳು ಶಾಲೆಯ ಹುಡುಗಿ, ಇನ್ನೊಬ್ಬರು ಅರವತ್ತು ದಾಟಿದವರು. ನಮ್ಮ ಕಡೆ ಮದುವೆಗೆ ಮೊದಲು ಚಿಕಿತ್ಸೆ ಶುರುವಾದ ಹುಡುಗಿಯ ಚೀಟಿ ತವರೂರಿನ, ತಂದೆಯ ಹೆಸರಿನಲ್ಲೇ ಉಳಿಯುತ್ತದೆ. ಗಂಡನ ಮನೆಗೆ ಗೊತ್ತಾಗಬಾರದೆಂದು ಅದನ್ನು ಯಾರೂ ಬದಲಿಸುವುದಿಲ್ಲ. ತವರಿಗೆ ಬಂದಾಗಲೇ ತಂದೆಯೊಂದಿಗೆ ದವಾಖಾನೆಗೆ ಬಂದು, ಗುಳಿಗೆಗಳನ್ನು ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಹೋಗುತ್ತಾರೆ. ಹೀಗಾಗಿ ದಾಖಲೆಯಲ್ಲಿ ಅವಳು ಯಾವ ಊರಿನವಳಾಗಿಯಾದರೂ ಇರಬಹುದಿತ್ತು. ಅಂಗಡಿಯ ಆ ವಿಳಾಸವೊಂದೇ ದಾರಿ.

ಸರ್ ಅಪ್ಪಣೆ ಪಡೆದು ಹುನಗುಂದದ ಬಸ್ಸು ಹತ್ತಿ ಕಮತಗಿಯಲ್ಲಿ ಇಳಿದೆ. ಅಂಗಡಿ ಸ್ಟ್ಯಾಂಡಿನ ಸಮೀಪದಲ್ಲೇ ಇತ್ತು. ಬಾಗಿಲ ಮುಂದೆ ಹೊಲದ ಪಹಣಿ ಉತಾರಕ್ಕೆ, ಆಧಾರ್ ತಿದ್ದುಪಡಿಗೆ ಬಂದವರ ಸಾಲು. ಒಳಗೆ ಮೂವತ್ತೈದರ ಆಸುಪಾಸಿನ, ಹಣೆಗೆ ವಿಭೂತಿ ಹಚ್ಚಿದ ಮಾಲೀಕ ಮಹಾಂತೇಶ. ಹಿಂದಿನ ಕೋಣೆಯಲ್ಲಿ ಇನ್ನೊಂದು ಕಂಪ್ಯೂಟರಿನ ಮುಂದೆ ಅವನ ಹೆಂಡತಿ ಸುಮಾ.

‘ಶರಣ್ರಿ ಅಕ್ಕಾರ, ಬರ್ರಿ. ಉತಾರ ಬೇಕಿತ್ತೇನ್ರಿ?’

ನಾನು ಎಲ್ಲಿಂದ ಬಂದೆನೆಂದು ತಗ್ಗಿದ ದನಿಯಲ್ಲಿ ಹೇಳಿ, ‘ನಿಮ್ಮ ಮೇಲ್‌ನಿಂದ ಏಳು ಮಂದಿ ನಮ್ಮ ಗುಂಪಿಗೆ ಬರೀತಾರ. ಅವರು ಖರೆ ಮಂದಿ ಹೌದೋ ಅಲ್ಲೋ?’ ಎಂದೆ.

ಅವನು ನಕ್ಕುಬಿಟ್ಟ. ‘ಏಳ ಮಂದಿ ಎಲ್ಲಿ ಹಚ್ಚೀರಿ, ಈ ಊರಾಗ ಅರ್ಧ ಮಂದಿ ಮೇಲ್ ಇದ ಐತ್ರಿ! ಎಲ್ಲಾ ಫಾರ್ಮಿನ್ಯಾಗೂ ಮೇಲ್ ಕೇಳ್ತಾರ. ಮಂದಿ ಕಡೆ ಎಲ್ಲಿಂದ ಬರಬೇಕು? ಅಂಗಡಿದು ಹಾಕ್ತೇನಿ. ಓಟಿಪಿ ಬಂದ್ರ ಇಲ್ಲಿಂದನ ಒದರ್ತೇನಿ.’

ಸಾಲಿನಲ್ಲಿದ್ದ ಒಬ್ಬ ಮುದುಕ, ‘ನನ್ನ ಓಟಿಪಿ ಮೂರ ದಿನ ಆತು ಒದರಿಲ್ಲ ನೋಡಲೇ,’ ಎಂದ.

‘ಕಾಕಾ, ಅದು ಹತ್ತ ನಿಮಿಷಕ್ಕ ಸತ್ತ ಹೋತು. ತಡಿ, ಮತ್ತೊಂದು ಹುಟ್ಟಸ್ತೇನಿ.’

ಈ ಊರಿನ ಇ-ಮೇಲ್ ಎಂದರೆ ಮನೆಮನೆಯ ಬಾಗಿಲಲ್ಲ, ಸ್ಟ್ಯಾಂಡಿನಲ್ಲಿರುವ ಒಂದೇ ಅಂಚೆಪೆಟ್ಟಿಗೆ ಎಂದು ನನಗಾಗ ತಿಳಿಯಿತು. ನಮ್ಮ ಗುಂಪಿನ ಪತ್ರಗಳನ್ನು ಸುಮಾ ಪ್ರಿಂಟ್ ತೆಗೆದು, ಮಡಿಸಿ, ಲಗ್ನಪತ್ರಿಕೆಯ ಮಾದರಿಗಳಿರುವ ಡ್ರಾಯರಿನಲ್ಲಿ ಇಡುತ್ತಿದ್ದಳು. ಹೆಣ್ಣುಮಕ್ಕಳು ಝೆರಾಕ್ಸಿಗೆ ಬಂದಾಗ ಅದರ ನಡುವೆ ಸೇರಿಸಿ ಕೊಡುತ್ತಿದ್ದಳು.

‘ನಿನ್ನೆ ಸಂಗಪ್ಪ ಅನ್ನೋ ಹೆಸರಲೆ ಬರಸಿದವರು ಯಾರು?’ ಎಂದೆ.

ಮಹಾಂತೇಶನ ನಗು ನಿಂತಿತು. ‘ಅದನ್ನ ಕೇಳಬ್ಯಾಡ್ರಿ ಅಕ್ಕಾರ. ನಂಬಿ ಬರ್ತಾರ. ಒಬ್ಬರ ಹೆಸರು ಹೊರಗ ಬಿದ್ರ ನಾಳೆ ಈ ಅಂಗಡಿ ಮೆಟ್ಲ ಯಾರೂ ಹತ್ತೂದಿಲ್ಲ.’

ಅವನು ಹೇಳಿದ್ದು ಸರಿಯೇ ಇತ್ತು. ಅವನು ಹೆಸರು ಹೇಳುವಂತಿಲ್ಲ, ನಾನು ರೋಗದ ವಿಷಯ ಸಾಲಿನ ಮುಂದೆ ಆಡುವಂತಿಲ್ಲ. ನಾನು ಹಿಂದಿನ ಕೋಣೆಗೆ ಹೋಗಿ ಸುಮಾಳಿಗೆ ಹೇಳಿದೆ: ‘ಹೆಸರು ನನಗ ಬ್ಯಾಡ. ಆದ್ರ ಆಕಿ ಜೀವಕ್ಕ ಅಪಾಯ ಐತಿ, ಕೂಸಿಗೂ ಐತಿ. ಹೆಂಗರ ಮಾಡಿ ಇಲ್ಲಿಗೆ ಕರಸ್ರಿ.’

ಸುಮಾ ಗಂಡನ ಮುಖ ನೋಡಿದಳು. ಆ ಪತ್ರ ಟೈಪ್ ಮಾಡಿದವಳೇ ಅವಳು. ‘ಕೈ ಝಾಡಸ್ತು ಅಂದಾಗನ ನನಗ ಎದಿ ಧಸಕ್ ಅಂದಿತ್ರಿ,’ ಎಂದಳು. ‘ಆದ್ರ ಅಕಿ ಒಬ್ಬಾಕಿನ ಬರಂಗಿಲ್ಲ. ಅತ್ತಿ ಕೂಡ ಬರ್ತಾಳ. ತಡೀರಿ.’ ಗರ್ಭಿಣಿಯರಿಗೆ ಸರಕಾರ ಕೊಡುವ ತಾಯಿ ಕಾರ್ಡಿನ ನೋಂದಣಿಗೆ ಮತ್ತೊಮ್ಮೆ ಹೆಬ್ಬೆಟ್ಟು ಕೊಡಬೇಕೆಂದು ಫೋನ್ ಮಾಡಿದಳು.

ಸ್ವಲ್ಪ ಹೊತ್ತಿಗೆ ಅತ್ತೆ ಸೊಸೆ ಬಂದರು. ಅತ್ತೆ ಶಾಂತವ್ವ ಮೆಟ್ಟಿಲ ಮೇಲಿಂದಲೇ ಶುರುಮಾಡಿದರು. ‘ನಿನ್ನೆ ಕೊಟ್ಟ ಹೆಬ್ಬಟ್ಟು ಏನಾತೋ ಮಾಂತ್ಯಾ? ಇಲಿ ತಿಂತೇನು?’

‘ಸರ್ವರ್ ಬಿದ್ದಿತ್ತು ಕಾಕಿ.’

‘ನಿಮ್ಮ ಸರ್ವರ್ ಎದ್ದು ನಿಂತದ್ದ ನಾ ಒಂದಿನಾನೂ ನೋಡಿಲ್ಲ ಬಿಡು.’

ಅವರನ್ನು ಹೊರಗಿನ ಕುರ್ಚಿಯಲ್ಲಿ ಕೂಡಿಸಿ ಸುಮಾ ಸೊಸೆಯನ್ನು ಒಳಗೆ ಕರೆತಂದಳು. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗಿ. ಹೆಸರು ಗಿರಿಜಾ. ತವರು ಗುಡೂರು. ಸಂಗಪ್ಪ ಅವಳ ತಂದೆ. ‘ಹೆಸರಿಲ್ಲದ ಬರಿಯಾಕ ಆಗಂಗಿಲ್ಲ ಅಂದ್ರು. ನನ್ನ ಹೆಸರು ಹಾಕಿದ್ರ ಇಡೀ ಊರು ಓದತೈತಿ. ಅದಕ್ಕ ಅಪ್ಪಂದು ಹಾಕಿಸಿದೆ,’ ಎಂದಳು. ಅವಳ ಬಲಗೈ ತೊಡೆಯ ಮೇಲೆ ಒಮ್ಮೆ ತಾನಾಗಿ ಎಗರಿತು. ಎಡಗೈಯಿಂದ ಅದನ್ನು ಒತ್ತಿ ಹಿಡಿದುಕೊಂಡಳು.

ದೇಸಾಯಿ ಸರ್‌ಗೆ ಫೋನ್ ಹಚ್ಚಿದೆ. ಗುಡೂರಿನ ಹೆಸರಿನಲ್ಲಿ ಚೀಟಿ ಕೂಡಲೇ ಸಿಕ್ಕಿತು. ಅವಳ ಗುಳಿಗೆ ವಾಲ್ಪ್ರೊಏಟ್ ಆಗಿರಲಿಲ್ಲ. ಮದುವೆ ಗೊತ್ತಾದಾಗಲೇ ಸರ್ ಅವಳ ಮೊದಲಿನ ಗುಳಿಗೆಯನ್ನು, ಗರ್ಭಿಣಿಯರಿಗೆ ಹೆಚ್ಚು ಸುರಕ್ಷಿತವೆನ್ನುವ ಲೆವೆಟಿರಾಸಿಟಾಮ್‌ಗೆ ಬದಲಿಸಿದ್ದರು. ಮುಂದೆ ಇಂಥ ದಿನ ಬರುತ್ತದೆಂದೇ ಬದಲಿಸಿದ ಗುಳಿಗೆಯನ್ನು ಅವಳು ಆ ದಿನ ಬಂದೊಡನೆ ಬಿಟ್ಟಿದ್ದಳು.

‘ತಂಗಿ, ಬಾದಾಮಿ ಮಾಸ್ತರು ಬರದದ್ದು ಬ್ಯಾರೆ ಗುಳಿಗಿ. ನಿಂದು ಬ್ಯಾರೆ,’ ಎಂದರು ಸರ್. ‘ಈಗಿಂದೀಗ ಒಂದು ತಗೋ. ಇವತ್ತ ಬಾಗಲಕೋಟಿಗೆ ಬಾ. ಒಬ್ಬಾಕಿನ ಬರಬ್ಯಾಡ.’

‘ಗುಳಿಗಿ ಎಲ್ಲಾ ತಿಪ್ಪಿಗೆ ಚೆಲ್ಲೀನ್ರಿ,’ ಎಂದಳು ಗಿರಿಜಾ. ಊರಿನ ಔಷಧ ಅಂಗಡಿಯಲ್ಲಿ ಕೊಳ್ಳುವಂತಿರಲಿಲ್ಲ. ಚೀಟಿಯಲ್ಲಿ ಅವಳ ಹೆಸರಿರುತ್ತದೆ, ಅಂಗಡಿಯವರು ಶಾಂತವ್ವನ ಬೀಗರು.

ಈಗ ಯಾರಿಗಾದರೂ ಹೇಳಲೇಬೇಕಿತ್ತು. ನಾನು ಅಂದೆ: ‘ಯಾರಿಗೆ ಹೇಳೂದು ಅನ್ನೂದು ನಿನ್ನ ಕೈಯಾಗ ಐತಿ. ನಿನ್ನ ಪರವಾಗಿ ನಾ ಯಾರಿಗೂ ಹೇಳೂದಿಲ್ಲ. ಆದ್ರ ಇವತ್ತ ಬರಬೇಕು.’

ಅವಳು ಬಾಗಿಲ ಸಂದಿಯಿಂದ ಇಣುಕಿದಳು. ಹೊರಗೆ ಶಾಂತವ್ವ ಆ ಮುದುಕನೊಂದಿಗೆ ಯಾವುದೋ ಬಿತ್ತನೆಯ ಮಾತಿಗೆ ಬಿದ್ದಿದ್ದರು. ಕೊನೆಗೆ ಗಿರಿಜಾ ಸುಮಾಳ ಫೋನ್ ತೆಗೆದುಕೊಂಡು ಗಂಡನಿಗೆ ಹಚ್ಚಿದಳು. ಗಂಡ ಮುತ್ತಣ್ಣ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕದಲ್ಲಿ ಕೆಲಸಕ್ಕಿದ್ದ. ಫೋನಿನಲ್ಲಿ ಕಲ್ಲು ಉಜ್ಜುವ ಯಂತ್ರದ ಸದ್ದು ನಮಗೂ ಕೇಳಿಸುತ್ತಿತ್ತು.

‘ನನಗ ಸಣ್ಣಾಕಿದ್ದಾಗಿಂದ ಫಿಟ್ಸ್ ಐತಿ. ನಿಮಗ ಹೇಳಿಲ್ಲ. ಗುಳಿಗಿ ಬಿಟ್ಟೀನಿ, ಮತ್ತ ಬರೂ ಹಂಗ ಆಗೇತಿ,’ ಎಂದಳು. ಅಷ್ಟೇ.

ಆ ಕಡೆ ಯಂತ್ರದ ಸದ್ದು ನಿಂತಿತು. ಅವನೇ ಆರಿಸಿರಬೇಕು. ಗಿರಿಜಾ ಕಿವಿಗೆ ಫೋನ್ ಒತ್ತಿಕೊಂಡು ಕೇಳಿಸಿಕೊಂಡಳು. ಅವಳ ಕಣ್ಣಲ್ಲಿ ಒಮ್ಮೆಲೇ ನೀರು ಬಂತು.

‘ಏನಂದ?’ ಎಂದಳು ಸುಮಾ.

‘ಗುಳಿಗಿ ಹೆಸರೇನು, ಇಲ್ಲಿಂದ ತರ್ತೇನಿ ಅಂದ್ರು.’

ದೇಸಾಯಿ ಸರ್ ಬರೆದು ಮೊಬೈಲಿಗೆ ಕಳಿಸಿದ ಚೀಟಿಯ ಚಿತ್ರ ಇಳಕಲ್ಲಿಗೆ ಹೋಯಿತು. ಮುತ್ತಣ್ಣ ಬೈಕಿನಲ್ಲಿ ಬಂದಾಗ ಗುಳಿಗೆಯ ಪಟ್ಟಿ ಅಂಗಿಯ ಜೇಬಿನಲ್ಲಿತ್ತು, ಮೈತುಂಬ ಕಲ್ಲಿನ ಬಿಳಿ ಧೂಳು. ಗಿರಿಜಾ ಅಲ್ಲೇ ಒಂದು ಗುಳಿಗೆ ನುಂಗಿದಳು. ಅವನು ತಾಯಿಗೆ, ‘ದವಾಖಾನಿಗೆ ಹೋಗಿ ಬರ್ತೇವಿ,’ ಎಂದಷ್ಟೇ ಹೇಳಿದ. ಗಿರಿಜಾಳನ್ನು ಬೈಕಿನಲ್ಲಿ ಕೂಡಿಸಬೇಡ ಎಂದೆ. ಅದನ್ನು ಅಂಗಡಿಯ ಮುಂದೆಯೇ ಬಿಟ್ಟ. ನಾವು ಮೂವರೂ ಬಸ್ಸಿನಲ್ಲಿ ಬಾಗಲಕೋಟೆಗೆ ಬಂದೆವು. ಎರಡು ದಿನ ವಾರ್ಡಿನಲ್ಲಿಟ್ಟುಕೊಂಡು ನೋಡಿದರು. ಫಿಟ್ಸ್ ಬರಲಿಲ್ಲ. ಸ್ಕ್ಯಾನಿನಲ್ಲಿ ಕೂಸಿನ ಎದೆಬಡಿತ ಚೆನ್ನಾಗಿತ್ತು.

ಶಾಂತವ್ವನಿಗೆ ಮಗನೇ ಹೇಳಿದ್ದು ಗಿರಿಜಾ ಮನೆಗೆ ಮರಳಿದ ಮೇಲೆ. ‘ಎರಡು ವರ್ಷ ನನ್ನ ಕೂಡ ಒಂದ ಪರಾತದಾಗ ರೊಟ್ಟಿ ಬಡದು, ಇದೊಂದು ಮುಚ್ಚಿಟ್ಟಿಯೇನು? ನಾ ಏನ್ ಹುಲಿನ?’ ಎಂದು ವಾರವಿಡೀ ಮಾತು ಬಿಟ್ಟರಂತೆ. ಆ ವಾರದಲ್ಲೂ ರಾತ್ರಿ ಊಟವಾದ ಮೇಲೆ ಒಂದು ಲೋಟ ನೀರು ತಂದು ಸೊಸೆಯ ಮುಂದೆ ಕುಕ್ಕಿ, ‘ಆತೇನ?’ ಎಂದು ಕೇಳುತ್ತಿದ್ದರಂತೆ. ಮಾತು ಬಿಟ್ಟ ಮೇಲೂ ಉಳಿದ ಮಾತು ಅದೊಂದೇ ಎಂದು ಗಿರಿಜಾ ನಗುತ್ತ ಹೇಳಿದಳು.

ಇತ್ತ ಆಸ್ಪತ್ರೆಯಲ್ಲಿ ನಿಯಮದ ಬಗ್ಗೆ ಚರ್ಚೆಯಾಯಿತು. ಹೆಸರಿನ ಒತ್ತಾಯವನ್ನೇ ಬಿಡೋಣವೆಂದು ನಾನು ಹೇಳಿದೆ.

‘ಹಂಗಾದ್ರ ಬೇರಿನ ಪುಡಿಯವರು ನಾಳೆನ ಬಂದು ಕುಂಡರ್ತಾರ್ರಿ,’ ಎಂದರು ಸರ್.

ಅದೂ ನಿಜವೇ. ಎರಡು ವಾರ ಇಬ್ಬರೂ ಎಳೆದಾಡಿದ ಮೇಲೆ ಒಂದು ಹೊಸ ಕ್ರಮಕ್ಕೆ ಬಂದೆವು. ಪ್ರಶ್ನೆ ಕೇಳುವವರು ತಮಗೆ ಬೇಕಾದ ಹೆಸರಿನಲ್ಲಿ ಕೇಳಬಹುದು. ನಿಜವಾದ ಹೆಸರು, ಸ್ವಂತ ಇ-ಮೇಲ್ ನನ್ನೊಬ್ಬಳಿಗೆ ಗೊತ್ತಿದ್ದರೆ ಸಾಕು. ಉತ್ತರ ಹೇಳುವವರು ಮಾತ್ರ ನಿಜವಾದ ಹೆಸರು ಮತ್ತು ಇ-ಮೇಲ್ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಗುಳಿಗೆಯ ವಿಷಯವಿದ್ದರೆ ಯಾರದೇ ಪತ್ರವಾಗಲಿ, ಡಾಕ್ಟರು ನೋಡದೆ ಮುಂದೆ ಹೋಗುವುದಿಲ್ಲ.

ಸ್ವಂತ ಇ-ಮೇಲ್ ಎಂದಾಗ ಕಮತಗಿಯ ಏಳು ಮಂದಿಯ ಪ್ರಶ್ನೆ ಉಳಿಯಿತು. ಒಂದು ಭಾನುವಾರ ಸುಮಾ ತನ್ನ ಹಿಂದಿನ ಕೋಣೆಯಲ್ಲೇ ಅವರನ್ನು ಕರೆಸಿದಳು. ಏಳರಲ್ಲಿ ಐವರು ಹೆಣ್ಣುಮಕ್ಕಳು. ಅಪ್ಪ, ಅಣ್ಣ, ಗಂಡನ ಹೆಸರಿನ ಹಿಂದೆ ಇದ್ದವರು. ಅವರವರ ಫೋನಿನಲ್ಲಿ ಅವರವರ ಮೇಲ್ ತೆರೆದುಕೊಟ್ಟೆವು. ಪಾಸ್‌ವರ್ಡ್ ಯಾರಿಗೂ ಹೇಳಬಾರದು ಎಂದು ಸುಮಾ ಎರಡೆರಡು ಸಲ ಹೇಳಿದಳು. ಕೆಲಸ ಮುಗಿದ ಮೇಲೆ ಒಬ್ಬಾಕೆ, ‘ಸುಮಕ್ಕ, ನಾ ಮರತ್ರ ಇರಲಿ, ನಿನ್ನ ಹಂತ್ಯಾಕ ಬರದಿಟ್ಕೋ,’ ಎಂದಳು. ಉಳಿದವರೂ ‘ನಮ್ದೂ’ ಎಂದರು. ಮಹಾಂತೇಶ ಹೊರಗಿನಿಂದಲೇ ಕೂಗಿದ: ‘ಒದರಿ ಹೇಳ್ರಿ, ನಾನೂ ಬರ್ಕೋತೇನಿ!’

ಬಾದಾಮಿಯ ಮಾಸ್ತರರಿಗೆ ನಾನು ಯಾರ ಹೆಸರನ್ನೂ ಹೇಳದೆ, ನಡೆದದ್ದನ್ನು ಬರೆದು ತಿಳಿಸಿದೆ. ಅವರು ಗುಂಪು ಬಿಡುತ್ತಾರೇನೋ ಎಂದುಕೊಂಡಿದ್ದೆ. ಮರುದಿನವೇ, ‘ನಾನು ಬರೆದದ್ದು ಅರ್ಧ ಸತ್ಯ. ಉಳಿದರ್ಧ ಇಲ್ಲಿದೆ’ ಎಂದು ತಲೆಬರಹ ಕೊಟ್ಟು ಉದ್ದ ಪತ್ರ ಬರೆದರು. ಕೆಳಗೆ ಎಂದಿನಂತೆ ಹೆಸರು, ಊರು, ಓಣಿ, ಇ-ಮೇಲ್, ಫೋನ್ ನಂಬರ್. ನಿಜವಾದ ಹೆಸರು ಮಾತನ್ನು ನಿಜ ಮಾಡುವುದಿಲ್ಲ. ಆದರೆ ತಪ್ಪಿದಾಗ ಮರಳಿ ಬಂದು ತಿದ್ದುವುದಕ್ಕೆ ಒಬ್ಬ ಮನುಷ್ಯ ಅಲ್ಲಿ ಇದ್ದೇ ಇರುತ್ತಾನೆ. ಹೇಳುವವರಿಂದ ಹೆಸರು ಕೇಳುವುದು ಅದಕ್ಕಾಗಿ. ಕೇಳುವವರಿಂದ ಅದನ್ನೇ ಮೊದಲು ಕೇಳಿದರೆ ಪ್ರಶ್ನೆಯೇ ಬರುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಗಿರಿಜಾಳಿಗೆ ಹೆಣ್ಣು ಕೂಸಾಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಕೂಸಿಗೆ ಒಂದು ವರ್ಷ ತುಂಬಿದ ಮೇಲೆ ಗುಂಪಿಗೆ ಒಂದು ಪ್ರಶ್ನೆ ಬಂತು. ಕೇಳಿದವಳು ‘ಸೇವಂತಿ’ ಎಂಬ ಹೆಸರಿನವಳು. ಅವಳು ಯಾರು, ಯಾವ ಊರಿನವಳು ಎಂಬುದು ನನಗೆ ಮಾತ್ರ ಗೊತ್ತು. ಗರ್ಭಿಣಿ, ಗುಳಿಗೆಯ ಭಯ. ಡಾಕ್ಟರು ಉತ್ತರ ಬರೆಯುವಷ್ಟರಲ್ಲಿ ಇನ್ನೊಂದು ಉತ್ತರ ನನ್ನ ಪರಿಶೀಲನೆಗೆ ಬಂದು ನಿಂತಿತ್ತು.

‘ತಂಗಿ, ನಿನ್ನ ಮನಸ್ಸಿಗೆ ಬಂದಂಗ ಗುಳಿಗಿ ಬಿಡಬ್ಯಾಡ. ನಾ ಬಿಟ್ಟು ನೋಡೀನಿ. ಡಾಕ್ಟರಿಗೆ ಕೇಳು. ನನ್ನ ಮಗಳು ಈಗ ಗ್ವಾಡಿ ಹಿಡಕೊಂಡು ನಡಿಯಾಕತ್ಯಾಳ.’ ಕೆಳಗೆ, ಉತ್ತರ ಹೇಳುವವರ ನಿಯಮದಂತೆ, ‘ಗಿರಿಜಾ, ಕಮತಗಿ’ ಎಂದಿತ್ತು. ಅದರ ಮುಂದೆ ಅವಳದೇ ಇ-ಮೇಲ್. ಸರ್ ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.

ಈ ಲೇಖನ ಬರೆಯುವ ಮೊದಲು ಅವಳಿಗೆ ಫೋನ್ ಮಾಡಿ, ಹೆಸರು ಬದಲಿಸಲೇ ಎಂದು ಕೇಳಿದೆ.

‘ಯಾಕ್ರೀ ಅಕ್ಕಾರ, ಈಗ ಯಾರಿಗೆ ಅಂಜೂದೈತಿ? ನನ್ನ ಹೆಸರ ಹಾಕ್ರಿ,’ ಎಂದಳು. ಸ್ವಲ್ಪ ತಡೆದು, ‘ಮೇಲ್ ಮಾತ್ರ ಹಾಕಬ್ಯಾಡ್ರಿ. ಪುಡಿ ಮಾರೋರು ಬೆನ್ನ ಹತ್ತತಾರ,’ ಎಂದು ನಕ್ಕಳು.